ಸಾದಾ ಹಾಕಲೋ, ಪವರ್ ಹಾಕಲೋ?

ಖಂಬಾಟ್ಕಿ ಘಾಟ್ ಗೊತ್ತಿರುವವರಿಗೆ ಗೊತ್ತೇ ಇರುತ್ತದೆ. ಪುಣೆ ದಾಟಿ ಸಾತಾರದ ಕಡೆ ಹೊರಟಾಗ ಸಿಗುವ ಏರು. ಆ ಕಡೆಯಿಂದ ಬರುವವರಿಗೆ ಸುರಂಗ, ನಮ್ಮೂರ ಕಡೆ ಹೋಗುವವರಿಗೆ ಮಾತ್ರ ಆಗ ಬೆಟ್ಟ ಹತ್ತುವ ಶಿಕ್ಷೆ ಇತ್ತು. 2025ರ ಮೇ ತಿಂಗಳ ಒಂದು ಮಧ್ಯಾಹ್ನ ನಾವು ಐದು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ಎಸಿ ಬೇರೆ ಹಾಕಿಕೊಂಡು ಆ ಏರು ಹತ್ತುತ್ತಿದ್ದೆವು. ಅರ್ಧ ಹತ್ತುವಷ್ಟರಲ್ಲಿ ಬಾನೆಟ್ಟಿನ ಒಳಗಿಂದ ಕಟಕಟ ಕಟಕಟ ಎಂಬ ಸದ್ದು. ಹಿಂದಿನ ಸೀಟಿನಲ್ಲಿ ಕೂತಿದ್ದ ಅವ್ವ ಕಣ್ಣು ಬಿಟ್ಟಳು.

"ಏನೋ ಅದು, ಡಬ್ಬ್ಯಾಗ ಕಡ್ಲಿ ಅಳ್ಳಾಡಿಸಿದಂಗ ಸಪ್ಪಳಾ?"

"ಏನಿಲ್ಲ ಅವ್ವಾ, ಲೋಡ್ ಆಗೇತಿ" ಎಂದೆ. ಆದರೆ ನನ್ನ ಎದೆಯೂ ಕಟಕಟ ಎನ್ನುತ್ತಿತ್ತು. ವಡೋದರಾದಿಂದ ಧಾರವಾಡ ಸಾವಿರ ಕಿಲೋಮೀಟರಿಗೆ ಹತ್ತಿರ. ಅವ್ವನಿಗೆ ಎಪ್ಪತ್ತೆಂಟು, ಮೊಣಕಾಲು ನೋವು, ರೈಲಿನ ಮೆಟ್ಟಿಲು ಹತ್ತಲಾರಳು. ವರ್ಷಕ್ಕೆ ಎರಡು ಸಲ ಅವಳನ್ನು ಊರಿಗೆ ಕರೆದೊಯ್ಯುವುದಕ್ಕೆ ಇರುವುದು ಈ 2018ರ, 1.2 ಲೀಟರಿನ ಸಣ್ಣ ಪೆಟ್ರೋಲ್ ಕಾರು ಒಂದೇ. ಅದು ನಡುದಾರಿಯಲ್ಲಿ ಕೈಕೊಟ್ಟರೆ ಘಾಟಿನ ಬಿಸಿಲಿನಲ್ಲಿ ಅವಳನ್ನು ಎಲ್ಲಿ ಕೂಡಿಸುವುದು?

ಹೇಗೋ ಧಾರವಾಡ ಮುಟ್ಟಿದೆವು. ಊರಲ್ಲಿ ಮಾವನ ಮಗ ಸದ್ದಿನ ಕತೆ ಕೇಳಿದವನೇ ತೀರ್ಪು ಕೊಟ್ಟ: "ಎಥೆನಾಲ್ ಪೆಟ್ರೋಲ್ ಮಾಮಾ. ಎಂಜಿನ್ ತಿಂದುಬಿಡ್ತದ. ಇನ್ನ ಮ್ಯಾಲ ಪವರ್ ಹಾಕ್ಸಿ." ಅಂದೇ ರಾತ್ರಿ ವಾಟ್ಸಪ್ಪಿನಲ್ಲಿ ಅದೇ ಮಾತು ಮೂರು ಗುಂಪುಗಳಿಂದ ಬಂತು. ಹೆದರಿದವನ ಮುಂದೆ ಅದೇ ಉತ್ತರ ನಾಲ್ಕು ಸಲ ಬಂದರೆ ಅದೇ ಶಾಸ್ತ್ರವಾಗುತ್ತದೆ.

ಜೂನ್‌ನಿಂದ ನಾನು ಪ್ರೀಮಿಯಂ ಗಿರಾಕಿಯಾದೆ.

ಇಲ್ಲಿ ಗುಜರಾತಿನ ಪಂಪುಗಳಲ್ಲಿ ಹುಡುಗರು ಕೇಳುವುದು ಎರಡೇ ಪ್ರಶ್ನೆ. ಮೊದಲು "ಸಾದು ಕೆ ಪಾವರ್?" ಆಮೇಲೆ "ಝೀರೊ ಜೋಯಿ ಲೋ." ಸಾದು ಎಂದರೆ ಸಾದಾ. ಯಾವ ಕಂಪನಿಯ ಪಂಪಾದರೂ ದುಬಾರಿ ಪೆಟ್ರೋಲಿಗೆ ಪವರ್ ಎಂದೇ ಹೆಸರು. ನಿಜಕ್ಕೂ ಅದು ಹಿಂದೂಸ್ತಾನ್ ಪೆಟ್ರೋಲಿಯಂನ ಬ್ರಾಂಡು. ಇಂಡಿಯನ್ ಆಯಿಲ್‌ನದು ಎಕ್ಸ್‌ಪಿ95, ಭಾರತ್ ಪೆಟ್ರೋಲಿಯಂನದು ಸ್ಪೀಡ್. ವನಸ್ಪತಿಗೆಲ್ಲ ಡಾಲ್ಡಾ ಎನ್ನುವ ಹಾಗೆ. ಕೆಲವು ಕಡೆ ಮೊದಲ ಪ್ರಶ್ನೆಯನ್ನೇ ಕೇಳುವುದಿಲ್ಲ. ಹೆದ್ದಾರಿಯ ಒಂದು ಪಂಪಿನಲ್ಲಿ (ಹೆಸರು ಬೇಡ) ನಾನು ಝೀರೊ ನೋಡುತ್ತ ನಿಂತಾಗ ದುಬಾರಿ ನಳಿಗೆ ಆಗಲೇ ಟ್ಯಾಂಕಿನೊಳಗಿತ್ತು. ಝೀರೊ ನೋಡುವವನು ದರ ನೋಡುವುದನ್ನು ಮರೆಯುತ್ತಾನೆ ಎಂಬುದು ಅವರಿಗೆ ಗೊತ್ತು.

2025ರಲ್ಲಿ ನಮ್ಮ ಪಂಪಿನಲ್ಲಿ ಸಾದಾ ಲೀಟರಿಗೆ 94 ರೂಪಾಯಿ ಚಿಲ್ಲರೆ, ಪ್ರೀಮಿಯಂ ಅದಕ್ಕಿಂತ ಸುಮಾರು 8 ರೂಪಾಯಿ ಹೆಚ್ಚು ಇತ್ತು. ಬೆಂಗಳೂರಿನ ಗೆಳೆಯನಿಗೆ ಹೇಳಿದರೆ ನಕ್ಕ. "ನಿನ್ನ ಪ್ರೀಮಿಯಂ ರೇಟಿಗೆ ನಾವು ಇಲ್ಲಿ ಸಾದಾ ಹಾಕಿಸ್ತಿದೀವಿ ಮಾರಾಯ!" ಹೌದು, 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿದ ಮೇಲೆ ಬೆಂಗಳೂರಿನ ಸಾದಾ ಪೆಟ್ರೋಲೇ 103ರ ಹತ್ತಿರ ಹೋಗಿ ಕೂತಿತ್ತು. ಪ್ರೀಮಿಯಂ ಎನ್ನುವುದು ಕೆಲವೊಮ್ಮೆ ನಾವು ಯಾವ ಊರಲ್ಲಿದ್ದೇವೆ ಎಂಬುದರ ಮೇಲೂ ಇದೆ.

ಮೂರು ತಿಂಗಳು ಲೆಕ್ಕ ಬರೆದಿಟ್ಟೆ. ಟ್ಯಾಂಕ್ ತುಂಬಿಸುವುದು, ಓಡಿಸುವುದು, ಮತ್ತೆ ತುಂಬಿಸಿ ಭಾಗಿಸುವುದು. ಸಾದಾದಲ್ಲಿ ಮೊದಲು 15.8 ಕಿಲೋಮೀಟರ್ ಬರುತ್ತಿತ್ತು, ಪ್ರೀಮಿಯಂನಲ್ಲಿ 16.1 ಬಂತು. ಆದರೆ ಮೇ ತಿಂಗಳ ಎಸಿ ಜುಲೈ ಮಳೆಯಲ್ಲಿ ಇರಲಿಲ್ಲ. ಎಸಿ ಆರಿಸಿದ್ದಕ್ಕೇ ಅಷ್ಟು ಬಂದಿರಬಹುದು. ಕಟಕಟ ಸದ್ದು? ವಡೋದರಾದಲ್ಲಿ ಏರು ಎಂದರೆ ಫ್ಲೈಓವರ್ ಮಾತ್ರ. ಇಲ್ಲಿ ಅದು ಕೇಳಿಸಲೇ ಇಲ್ಲ, ಮೊದಲೂ ಕೇಳಿಸಿರಲಿಲ್ಲ. ಆದರೂ ಗಾಡಿ ಹಗುರಾಗಿ ಓಡುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ದುಡ್ಡು ಕೊಟ್ಟಿದ್ದೇನಲ್ಲ!

ಈ ಹಂತದಲ್ಲಿ ಕಾಕಾ ಬಂದರು. ಗುಜರಾತಿಯಲ್ಲೂ ಕಾಕಾ, ನಮ್ಮ ಕಡೆಯ ಮಾತಿನಲ್ಲೂ ಕಾಕಾ, ಹಾಗಾಗಿ ನಮ್ಮ ಸೊಸೈಟಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಅದೇ ಹೆಸರಿನಿಂದ. ಮುಧೋಳದ ಕಡೆಯವರು, ಕೋಯಲಿಯ ರಿಫೈನರಿಯ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಹೊಸಬರಿಗಾಗಿ ಒಂದು ಮಾತು: ಅಂಕಲೇಶ್ವರ, ಖಂಭಾತ್ ಕಡೆ ಎಣ್ಣೆ ಸಿಕ್ಕ ಮೇಲೆ ಸೋವಿಯತ್ ನೆರವಿನಿಂದ ಇಲ್ಲಿ ರಿಫೈನರಿ ಕಟ್ಟಿದರು. 1963ರಲ್ಲಿ ನೆಹರೂ ಅಡಿಗಲ್ಲು ಹಾಕಿದರು, 1965ರಲ್ಲಿ ಅದು ಶುರುವಾಯಿತು. 2025ರಲ್ಲಿ ಅದರ ಸಾಮರ್ಥ್ಯ ವರ್ಷಕ್ಕೆ 1.37 ಕೋಟಿ ಟನ್ ಕಚ್ಚಾ ತೈಲ ಇತ್ತು. ಗೋರ್ವಾದ ನಮ್ಮ ಮನೆಯ ಟೆರೇಸಿನಿಂದ ರಾತ್ರಿ ನೋಡಿದರೆ ಆ ದಿಕ್ಕಿನ ಆಕಾಶ ಕೆಂಪಗಿರುತ್ತದೆ. ಪೆಟ್ರೋಲ್ ಹುಟ್ಟುವ ಊರಿನಲ್ಲಿದ್ದುಕೊಂಡು ನಾನು ಪೆಟ್ರೋಲಿನ ಬಗ್ಗೆ ಧಾರವಾಡದ ಮಾವನ ಮಗನ ಮಾತು ಕೇಳಿದ್ದೆ.

ಕಾಕಾ ನನ್ನ ಲೆಕ್ಕದ ಪುಸ್ತಕ ನೋಡಿದರು, ಕನ್ನಡಕ ತೆಗೆದರು. "ತಮ್ಮಾ, ನಿನ್ ಗಾಡಿ ಏನ್ ಕೇಳ್ತೈತಿ, ಅದನ್ನ ನೋಡಿಯೇನು?"

ನೋಡಿರಲಿಲ್ಲ. ಏಳು ವರ್ಷದಿಂದ ಗ್ಲೋವ್ ಬಾಕ್ಸಿನಲ್ಲಿದ್ದ ಪುಸ್ತಕವನ್ನು ಪೊಲ್ಯೂಷನ್ ಸರ್ಟಿಫಿಕೇಟ್ ಇಡುವುದಕ್ಕಷ್ಟೇ ಬಳಸಿದ್ದೆ. ತೆಗೆದರೆ ಸ್ಪಷ್ಟವಾಗಿ ಬರೆದಿತ್ತು: ಆಕ್ಟೇನ್ 91 ಅಥವಾ ಅದಕ್ಕಿಂತ ಹೆಚ್ಚು.

"ಅಂದ್ರ 95 ಹಾಕಿದ್ರ ಇನ್ನೂ ಚಲೋ ಅಲ್ಲೇನ್ರೀ ಕಾಕಾ?"

"ಆಕ್ಟೇನ್ ಅಂದ್ರ ಶಕ್ತಿ ಅಂತ ಯಾರ್ ಹೇಳಿದ್ರು ನಿನಗ?"

ಆ ಸಂಜೆ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಎಂಜಿನ್ನಿನೊಳಗೆ ಪೆಟ್ರೋಲ್ ಆವಿ ಮತ್ತು ಗಾಳಿಯನ್ನು ಪಿಸ್ಟನ್ ಒತ್ತುತ್ತದೆ. ಒತ್ತಿದರೆ ಬಿಸಿ. ಸ್ಪಾರ್ಕ್ ಪ್ಲಗ್ ಕಿಡಿ ಕೊಡುವ ತನಕ ಆ ಮಿಶ್ರಣ ತಾಳಿಕೊಂಡಿರಬೇಕು, ಕಿಡಿ ಬಿದ್ದ ಮೇಲೂ ಉರಿ ಒಂದು ಕಡೆಯಿಂದ ಸರದಿಯಲ್ಲಿ ಹರಡಬೇಕು. ಪಂಗತಿಯಲ್ಲಿ ಎಲ್ಲರಿಗೂ ಬಡಿಸಿ ಆಗುವ ಮೊದಲೇ ಒಬ್ಬ ಅನ್ನಕ್ಕೆ ಕೈಹಾಕಿದರೆ ಹೇಗೆ, ಹಾಗೆ ಒಂದು ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಂಡರೆ ಒಳಗೆ ಸುತ್ತಿಗೆಯಿಂದ ಬಡಿದಂತಾಗುತ್ತದೆ. ಅದೇ ನಾಕಿಂಗ್, ಅವ್ವನ ಕಡಲೆ ಡಬ್ಬಿ. ಆಕ್ಟೇನ್ ಸಂಖ್ಯೆ ಅಳೆಯುವುದು ಈ ತಾಳ್ಮೆಯನ್ನು ಮಾತ್ರ. ಒಂದು ಲೀಟರಿನಲ್ಲಿ ಎಷ್ಟು ಕಸುವಿದೆ ಎಂಬುದಕ್ಕೂ ಈ ಸಂಖ್ಯೆಗೂ ಸಂಬಂಧವಿಲ್ಲ.

ಕಾಕಾ ಅದನ್ನು ಕೈಯಾರೆ ಅಳೆದವರು. ಅದಕ್ಕೆಂದೇ ಒಂದು ಎಂಜಿನ್ ಇದೆಯಂತೆ. ಒಂದೇ ಸಿಲಿಂಡರ್, ಓಡುತ್ತಿರುವಾಗಲೇ ಅದರ ಒತ್ತುವ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಬಹುದು. ನಿಮಿಷಕ್ಕೆ 600 ಸುತ್ತಿನಲ್ಲಿ ಓಡಿಸಿ, ಬಡಿತ ಎಷ್ಟಿದೆ ನೋಡಿ, ಅದನ್ನು ಎರಡು ಗೊತ್ತಿರುವ ದ್ರವಗಳ ಮಿಶ್ರಣದ ಬಡಿತಕ್ಕೆ ಹೋಲಿಸುತ್ತಾರೆ. ಒಂದು ಐಸೋ ಆಕ್ಟೇನ್, ಅದಕ್ಕೆ 100. ಇನ್ನೊಂದು ಹೆಪ್ಟೇನ್, ಅದಕ್ಕೆ ಸೊನ್ನೆ. 1920ರ ದಶಕದಲ್ಲಿ ಗ್ರಹಾಂ ಎಡ್ಗರ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಹಾಕಿಕೊಟ್ಟ ಅಳತೆಗೋಲು ಇದು. 91 ಎಂದರೆ ನೂರರಲ್ಲಿ 91 ಪಾಲು ಆಕ್ಟೇನ್ ಇರುವ ಮಿಶ್ರಣದಷ್ಟು ತಾಳ್ಮೆ ಎಂದರ್ಥ. ನಾನು ಅದನ್ನು ಪರೀಕ್ಷೆಯ ಅಂಕ ಎಂದುಕೊಂಡಿದ್ದೆ. 91 ಬಂದವನಿಗಿಂತ 95 ಬಂದವನು ಜಾಣ!

2023ರ ಜನವರಿಯಲ್ಲಿ ಇಲ್ಲಿನ ಲಕ್ಷ್ಮೀವಿಲಾಸ ಅರಮನೆಯ ಅಂಗಳದಲ್ಲಿ ಹಳೆಯ ಕಾರುಗಳ ದೊಡ್ಡ ಮೇಳ ನಡೆದಿತ್ತು. ವಡೋದರಾದವರು ಹೆಚ್ಚಿನವರು ನೋಡಿರುತ್ತೀರಿ. ಮಹಾರಾಜರ ಕಾಲದ ಆ ಹಡಗಿನಂಥ ಕಾರುಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದೆ. ಅಷ್ಟು ದೊಡ್ಡ ಎಂಜಿನ್ ಇದ್ದರೂ ಅವು ಪೆಟ್ರೋಲನ್ನು ಒತ್ತುತ್ತಿದ್ದದ್ದು ನಾಲ್ಕೈದು ಪಟ್ಟು ಮಾತ್ರ, ಯಾಕೆಂದರೆ ಆ ಕಾಲದ ಪೆಟ್ರೋಲಿಗೆ ಅದಕ್ಕಿಂತ ತಾಳ್ಮೆಯಿರಲಿಲ್ಲ. ಇವತ್ತು ನನ್ನ ಸಣ್ಣ ಗಾಡಿ ಒತ್ತುವುದು ಅದರ ಎರಡು ಪಟ್ಟಿಗಿಂತ ಹೆಚ್ಚು. ನಡುವೆ ಒಂದು ಕೆಟ್ಟ ಅಧ್ಯಾಯವೂ ಇದೆ. 1921ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ, ಸೀಸದ ಒಂದು ಸಂಯುಕ್ತ ಬೆರೆಸಿದರೆ ಬಡಿತ ನಿಲ್ಲುತ್ತದೆ ಎಂದು ಕಂಡುಹಿಡಿದ. ಎಂಜಿನ್ನಿಗೆ ಒಳ್ಳೆಯದಾಯಿತು, ಮಕ್ಕಳ ಮೆದುಳಿಗೆ ಕೆಟ್ಟದಾಯಿತು. ನಮ್ಮ ದೇಶದ ಪಂಪುಗಳಿಂದ ಸೀಸ ಪೂರ್ತಿ ಹೋದದ್ದು 2000ನೇ ಇಸವಿಯಲ್ಲಿ. ನಾನು ಸ್ಕೂಟರ್ ಕಲಿತದ್ದು ಸೀಸದ ಹೊಗೆಯಲ್ಲೇ.

ಇನ್ನು ಎಥೆನಾಲ್. ಎಲ್ಲ ಗಲಾಟೆ ಇರುವುದು ಇಲ್ಲಿ.

2023ರ ಫೆಬ್ರವರಿಯಲ್ಲಿ ಪ್ರಧಾನಿ ಇ20 ಪೆಟ್ರೋಲನ್ನು, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಇರುವುದನ್ನು, ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಎರಡೇ ವರ್ಷದಲ್ಲಿ ಅದು ಎಲ್ಲ ಕಡೆ ಬಂತು. ಎಥೆನಾಲಿನ ಆಕ್ಟೇನ್ ಸುಮಾರು 108, ತಾಳ್ಮೆಯಲ್ಲಿ ಅದು ಪೆಟ್ರೋಲಿಗಿಂತ ಎಷ್ಟೋ ಮೇಲು. ಆದರೆ ಕಸುವಿನಲ್ಲಿ ಲೀಟರಿಗೆ ಮೂರನೇ ಒಂದು ಪಾಲು ಕಡಿಮೆ. ಅದರ ಪರಿಣಾಮವನ್ನು ಸರ್ಕಾರದ ಕಾಗದದಲ್ಲೇ ಬರೆದಿದ್ದಾರೆ. 2021ರ ನೀತಿ ಆಯೋಗದ ವರದಿ, ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಮೈಲೇಜ್ ಶೇಕಡಾ 6ರಿಂದ 7 ಇಳಿಯಬಹುದು ಎಂದಿತ್ತು. ನನ್ನದು ಅಂಥದೇ ಗಾಡಿ. ಮೈಲೇಜ್ ಇಳಿದದ್ದು ನನ್ನ ಭ್ರಮೆಯಲ್ಲ.

ಹಾಗಾದರೆ ನಾಕಿಂಗ್? ಅದಕ್ಕೆ ಎಥೆನಾಲ್ ಕಾರಣವಾಗುವುದು ಹೇಗೆ? ಅದು ಬಡಿತವನ್ನು ತಡೆಯುವ ವಸ್ತು. 2025ರ ಆಗಸ್ಟಿನಲ್ಲಿ ಇ20 ವಿರುದ್ಧ ಕೂಗು ಎದ್ದಾಗ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ಹೇಳಿಕೆಯನ್ನು ಕಾಕಾ ಫೋನಿನಲ್ಲಿ ತೆಗೆದು ತೋರಿಸಿದರು. ಬಿಎಸ್-2 ಕಾಲದಲ್ಲಿ 88 ಇದ್ದ ಸಾದಾ ಪೆಟ್ರೋಲಿನ ಆಕ್ಟೇನ್ ಬಿಎಸ್-6ರಲ್ಲಿ 91 ಆಯಿತು, ಇಪ್ಪತ್ತು ಪಾಲು ಎಥೆನಾಲ್ ಬೆರೆತ ಮೇಲೆ ಅದು 95 ಆಗಿದೆ ಎಂದು ಅದರಲ್ಲಿತ್ತು.

ಎರಡು ಸಲ ಓದಿದೆ. ಸಾದಾ ಪೆಟ್ರೋಲೇ 95 ಎಂದಾದರೆ, 95 ಎಂಬ ಸಂಖ್ಯೆಗಾಗಿ ನಾನು ಮೂರು ತಿಂಗಳು ಕೊಟ್ಟದ್ದೇನು?

"ಪ್ರೀಮಿಯಂನ್ಯಾಗ ಎಥೆನಾಲ್ ಇರಂಗಿಲ್ಲಂತಲ್ರೀ?"

"ಯಾರ್ ಹೇಳಿದ್ರು? 95ನ್ಯಾಗೂ ಐತಿ. ಬ್ಯಾಡ ಅಂದ್ರ 100 ಆಕ್ಟೇನಿಂದು ಐತಿ ನೋಡು, ಲೀಟರಿಗೆ 160ರ ಹತ್ರ. ಹಾಕಸ್ತಿಯೇನು?" ಆ 100 ಆಕ್ಟೇನ್ ಪೆಟ್ರೋಲನ್ನು ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ಮೊದಲ ಹಂತದ ಹತ್ತು ನಗರಗಳಲ್ಲಿ ತಂದಿತ್ತು, ಅದರಲ್ಲಿ ಅಹಮದಾಬಾದೂ ಇತ್ತು. ಅದು ಒಂದೂವರೆ ಲಕ್ಷದ ಗಾಡಿಗಳಿಗಲ್ಲ, ಒಂದೂವರೆ ಕೋಟಿಯ ಗಾಡಿಗಳಿಗೆ. ಕಾಕಾ ಆಮೇಲೆ ನಕ್ಕು ಸೇರಿಸಿದರು: "ನಮ್ಮ ಮುಧೋಳದ ಕಬ್ಬು ಬಡೋದಾದಾಗ ನಿನ್ ಟ್ಯಾಂಕಿಗೆ ಬಂದೈತೋ ಏನೋ ಯಾರಿಗ್ಗೊತ್ತು. ಅದನ್ನ ಬೈತೀಯಲ್ಲೋ."

ಹಾಗೆಂದು ಪ್ರೀಮಿಯಂ ಬರೀ ಬಣ್ಣದ ನೀರು ಎನ್ನಲಾರೆ, ಕಾಕಾ ಕೂಡ ಎನ್ನಲಿಲ್ಲ. ಅದರಲ್ಲಿ ಇಂಜೆಕ್ಟರಿನ ತುದಿಯಲ್ಲಿ ಕೂತ ಮಸಿ ತೆಗೆಯುವ, ಮತ್ತೆ ಕೂರದಂತೆ ನೋಡುವ ರಾಸಾಯನಿಕಗಳನ್ನು ಹೆಚ್ಚು ಬೆರೆಸಿರುತ್ತಾರೆ. ಅದು ನಿಜವಾದ ಕೆಲಸ. ಆದರೆ ಈಗಿನ ಹಲವು ಟರ್ಬೊ ಕಾರುಗಳಲ್ಲಿ ಪೆಟ್ರೋಲನ್ನು ನೇರ ಸಿಲಿಂಡರಿನೊಳಕ್ಕೇ ಚಿಮ್ಮಿಸುತ್ತಾರೆ. ಅಲ್ಲಿ ಇನ್‌ಟೇಕ್ ವಾಲ್ವಿನ ಹಿಂಬದಿಗೆ ಪೆಟ್ರೋಲ್ ತಾಗುವುದೇ ಇಲ್ಲ, ಹಾಗಾಗಿ ಅಲ್ಲಿ ಕೂತ ಮಸಿಯನ್ನು ಯಾವ ದುಬಾರಿ ಪೆಟ್ರೋಲೂ ತೊಳೆಯಲಾರದು. ಇನ್ನು ನಿಮ್ಮ ಗಾಡಿಯ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ 95 ಬೇಕು ಎಂದೇ ಬರೆದಿದ್ದರೆ ವಾದ ಬೇಡ, ಅದು ಕೇಳಿದ್ದನ್ನು ಕೊಡಿ. ಅಂಥ ಎಂಜಿನ್ ಕಡಿಮೆ ಆಕ್ಟೇನ್ ಕುಡಿದರೆ ಒಡೆದುಹೋಗುವುದಿಲ್ಲ. ಬಡಿತ ಕೇಳುವ ಸೆನ್ಸರ್ ಇರುತ್ತದೆ, ಕಂಪ್ಯೂಟರ್ ಕಿಡಿಯನ್ನು ಸ್ವಲ್ಪ ತಡವಾಗಿ ಕೊಡುತ್ತದೆ. ಬಡಿತ ನಿಲ್ಲುತ್ತದೆ, ಜೊತೆಗೆ ನೀವು ದುಡ್ಡು ಕೊಟ್ಟು ಕೊಂಡ ಜೋರೂ ಇಳಿಯುತ್ತದೆ. 91 ಸಾಕು ಎನ್ನುವ ಗಾಡಿಗೆ 95 ಹಾಕಿದರೆ ಇದರ ತಿರುವುಮುರುವು ಆಗುವುದಿಲ್ಲ. ಒತ್ತುವ ಪ್ರಮಾಣವೇ ಕಡಿಮೆ ಇರುವಾಗ ಹೆಚ್ಚಿನ ತಾಳ್ಮೆಯನ್ನು ಅದು ಎಲ್ಲಿ ಬಳಸೀತು?

ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಗೆ ಇದೆಲ್ಲ ಹೇಳುವಾಗ ಅವಳು "ನಾವು 87 ಹಾಕ್ತೀವಿ ಅಣ್ಣಾ" ಎಂದಳು. 87! ಅಮೆರಿಕದಲ್ಲಿ ಇಷ್ಟು ಕಳಪೆ ಪೆಟ್ರೋಲೇ ಎಂದು ಒಂದು ಕ್ಷಣ ಹಿಗ್ಗಿದೆ. ಆಮೇಲೆ ತಿಳಿಯಿತು, ಅವರು ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಬರೆಯುತ್ತಾರೆ, ನಾವು ಒಂದನ್ನೇ. ಅವರ 87 ನಮ್ಮ 91ರ ಆಸುಪಾಸು. ಅಲ್ಲಿನ ವಾಹನ ಚಾಲಕರ ಸಂಘ ಎಎಎ 2016ರಲ್ಲಿ ಒಂದು ಲೆಕ್ಕ ಹಾಕಿತ್ತು. ಸಾದಾ ಸಾಕು ಎನ್ನುವ ಗಾಡಿಗಳಿಗೆ ಪ್ರೀಮಿಯಂ ಹಾಕಿಸಿ ಅಮೆರಿಕದವರು ವರ್ಷಕ್ಕೆ 210 ಕೋಟಿ ಡಾಲರ್ ಸುಮ್ಮನೆ ಸುರಿದಿದ್ದರಂತೆ. ನನ್ನೊಬ್ಬನ ಪೆದ್ದುತನ ಅಲ್ಲ ಎಂದು ಸಮಾಧಾನವಾಯಿತು.

ನನ್ನ ಲೆಕ್ಕ ಸಣ್ಣದು. ತಿಂಗಳಿಗೆ 60 ಲೀಟರ್, ಲೀಟರಿಗೆ 8 ರೂಪಾಯಿ, ವರ್ಷಕ್ಕೆ 5,760. ಹೆಂಡತಿ ಅದನ್ನು ನೋಡಿ ಹೇಳಿದ್ದು ಇಷ್ಟೇ: "ಇದರಾಗ ಒಂದ್ಸಲ ಧಾರವಾಡಕ್ಕ ಹೋಗ್ತೀವಲ್ರೀ." ನಿಜ, ಒಂದು ದಾರಿಯ ಪೆಟ್ರೋಲಿಗೆ ಸರಿಸುಮಾರು ಅಷ್ಟೇ ಬೇಕು.

ಆದರೂ ಘಾಟಿನ ಕಟಕಟ ಉಳಿದೇ ಇತ್ತು. ದೀಪಾವಳಿಗೆ ಅವ್ವನನ್ನು ಮತ್ತೆ ಕರೆದೊಯ್ಯಬೇಕಿತ್ತು. ಪೆಟ್ರೋಲ್ ಅಲ್ಲದಿದ್ದರೆ ಇನ್ನೇನು? ಗೋತ್ರಿಯ ಮೆಕ್ಯಾನಿಕ್ ಭಾಯಿ ಬಾನೆಟ್ ಎತ್ತುವ ಮೊದಲೇ ಒಂದು ಪ್ರಶ್ನೆ ಕೇಳಿದ. "ಘಾಟ್ ಮಾ ಕಯಾ ಗಿಯರ್ ಮಾ ಹತಾ?"

ಯಾವ ಗಿಯರಿನಲ್ಲಿದ್ದೆ? ನೆನಪು ಮಾಡಿಕೊಂಡೆ. ನಾಲ್ಕನೇ ಗಿಯರ್. ಮುಂದೆ ಲಾರಿ, ವೇಗ ನಲವತ್ತರ ಕೆಳಗೆ. ಮೈಲೇಜ್ ಉಳಿಸುತ್ತೇನೆಂದು ಕೆಳಗಿನ ಗಿಯರಿಗೆ ಇಳಿಸದೆ ಕಾಲಿನಿಂದ ಆಕ್ಸಿಲರೇಟರ್ ಒತ್ತುತ್ತಲೇ ಇದ್ದೆ. ಮೇ ತಿಂಗಳ ಬಿಸಿಲು, ಐದು ಜನರ ಭಾರ, ಎಸಿ, ನಿಧಾನ ತಿರುಗುವ ಎಂಜಿನ್ನಿಗೆ ಪೂರ್ತಿ ಪೆಟ್ರೋಲ್. ಬಡಿತಕ್ಕೆ ಬೇಕಾದ ಸಾಮಗ್ರಿಯನ್ನೆಲ್ಲ ನಾನೇ ಒದಗಿಸಿದ್ದೆ. ಪ್ಲಗ್ ಬಿಚ್ಚಿ ತೋರಿಸಿದ. ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿದ್ದರೂ ಒಮ್ಮೆಯೂ ಬದಲಿಸಿರಲಿಲ್ಲ. ತುದಿ ಸವೆದು, ಸುತ್ತ ಬೂದಿ ಕಟ್ಟಿತ್ತು. ಏರ್ ಫಿಲ್ಟರಿನಲ್ಲಿ ಮಕರಪುರದ ಕಾರ್ಖಾನೆಗಳ ಧೂಳೆಲ್ಲ ಇತ್ತು. ನಾಲ್ಕು ಪ್ಲಗ್, ಫಿಲ್ಟರ್, ಕೂಲಿ ಎಲ್ಲ ಸೇರಿ 1,300 ರೂಪಾಯಿ. ಮೂರು ತಿಂಗಳ ಪವರಿಗೆ ನಾನು ಹೆಚ್ಚಿಗೆ ಕೊಟ್ಟದ್ದು 1,440.

ಅಕ್ಟೋಬರಿನಲ್ಲಿ ಹೊರಟೆವು. ಮಹಾರಾಷ್ಟ್ರದಲ್ಲಿ ಪೆಟ್ರೋಲ್ ತುಟ್ಟಿ, ಆದ್ದರಿಂದ ಈ ದಾರಿಯಲ್ಲಿ ಊರಿಗೆ ಹೋಗುವ ನಾವೆಲ್ಲ ವಾಪಿಯಲ್ಲಿ ಟ್ಯಾಂಕ್ ತುಂಬಿಸಿಯೇ ಗಡಿ ದಾಟುವುದು. ಬೆಳಿಗ್ಗೆ ಎಂಟಕ್ಕೆ ವಾಪಿಯ ಪಂಪಿನಲ್ಲಿ ನಿಂತೆವು. ಹುಡುಗ ಬಗ್ಗಿ ಕಿಟಕಿಯಲ್ಲಿ ಮುಖ ತೂರಿಸಿದ. "ಸಾದು ಕೆ ಪಾವರ್?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅವ್ವ ಹೇಳಿದಳು. ಅವಳಿಗೆ ಗುಜರಾತಿ ಬರುವುದಿಲ್ಲ. ಮೂರು ತಿಂಗಳು ಮನೆಯಲ್ಲಿ ಇದೇ ಮಾತು ಕೇಳಿ ಕೇಳಿ ಸಾಕಾಗಿತ್ತು ಅಷ್ಟೇ.

"ಸಾದಾ ಹಾಕಪ್ಪಾ. ಘಾಟನ್ಯಾಗ ಇವಂಗ ಗಿಯರ್ ಹಾಕಾಕ ನಾ ಹೇಳ್ತೀನಿ."

ಹುಡುಗನಿಗೆ ಮೊದಲ ಶಬ್ದ ಅರ್ಥವಾಯಿತು. ಸಾದಾ ನಳಿಗೆಯನ್ನೇ ಎತ್ತಿಕೊಂಡ. ಖಂಬಾಟ್ಕಿಯಲ್ಲಿ ಎರಡನೇ ಗಿಯರಿಗೆ ಇಳಿಸಿ ಹತ್ತಿದೆ. ಎಂಜಿನ್ ಜೋರಾಗಿ ಅರಚಿತು, ಕಟಕಟ ಬರಲಿಲ್ಲ. ಅವ್ವ ತುದಿ ಮುಟ್ಟುವ ತನಕ ನಿದ್ದೆ ಮಾಡದೆ ಕಿವಿಗೊಟ್ಟು ಕೂತಿದ್ದಳು.